ಒರತೆಯಲ್ಲಿ ಹರಡಿದ ಎಣ್ಣೆ

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ನಮ್ಮೂರು ಗುಂಡಗುರ್ತಿಯ ಹಳ್ಳ ಕಣ್ಣಮುಂದೆ ಬರುತ್ತದೆ.

ರಜಾಕಾರರ ಹಾವಳಿ ಅಡಗಿದ ಮರುವರ್ಷದ ಬೇಸಿಗೆ. ಊರ ಬಾವಿ ಬತ್ತಿತ್ತು. ನಮ್ಮ ಓಣಿಯ ಮುದುಕಿ ಭೀಮವ್ವ ಹಳ್ಳದ ಉಸುಕು ತೋಡಿ ಒರತೆ ಮಾಡಿದ್ದಳು. ತೆಂಗಿನ ಚಿಪ್ಪಿನಿಂದ ತಾನೇ ಮೊಗೆದು ಎಲ್ಲರ ಕೊಡ ತುಂಬಿಸುತ್ತಿದ್ದಳು. "ಕೈ ಅದ್ದಬ್ಯಾಡ ನನ್ನವ್ವಾ, ನೀರು ಕೆಡ್ತಾವ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಳು. ಸೀಮೆಎಣ್ಣೆ ತರಲು ಅಂಗಡಿಗೆ ಹೊರಟಿದ್ದ ನಾನು ಜಿಡ್ಡುಗಟ್ಟಿದ ಬಾಟಲಿಯನ್ನು ಒರತೆಯಲ್ಲೇ ಅದ್ದಿ ತೊಳೆದೆ. ನೀರಿನ ಮೇಲೆ ನವಿಲುಗರಿಯ ಬಣ್ಣಗಳು ಹರಡಿದವು. ಚೆಂದವೆನಿಸಿ ನೋಡುತ್ತ ಕುಳಿತೆ.

ಸಂಜೆ ಯಾರಿಗೂ ಆ ನೀರು ಕುಡಿಯಲಾಗಲಿಲ್ಲ. ಹೆಂಗಸರು ಭೀಮವ್ವನನ್ನು ಸುತ್ತುಗಟ್ಟಿದರು.

"ನಿನ್ನ ನಂಬಿ ಬಿಟ್ಟಿದ್ವಿ. ಹಿಂಗ ನೋಡ್ಕೋತಾರೇನ ಭೀಮವ್ವ?" ಎಂದು ನಮ್ಮವ್ವನೇ ಕೇಳಿದಳು.

ನಾನು ಅವ್ವನ ಸೆರಗಿನ ಹಿಂದೆ ನಿಂತಿದ್ದೆ. ಭೀಮವ್ವ ನನ್ನನ್ನು ಒಮ್ಮೆ ನೋಡಿದಳು.

"ನಂದೇ ತಪ್ಪದ ಬಿಡ್ರೆವ್ವಾ. ಬಿಟ್ಟು ಹೋಗಬಾರದಿತ್ತು," ಎಂದಳು.

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಇನ್ನೊಂದು ಕಡೆ ಉಸುಕು ತೋಡುತ್ತಿದ್ದಳು. ನಿಜ ಹೇಳಿಬಿಡಬೇಕೆಂದು ನಾನು ಹತ್ತಿರ ಹೋದೆ. ಅವಳು ಮೊದಲ ಚಿಪ್ಪು ನೀರನ್ನು ನನ್ನ ಬಾಯಿಗೆ ಹಿಡಿದು, "ಕುಡಿ, ತಿಳಿ ಆಗ್ಯಾವ," ಎಂದಳು. ಕುಡಿದೆ. ಏನೂ ಹೇಳದೆ ಮನೆಗೆ ಬಂದೆ.