ತವರಿನ ಬುತ್ತಿ
ಕಾಶಿಬಾಯಿ ಬೇಸಿಗೆ ಸೂಟಿಗೆಂದು ಮೂರು ಮಕ್ಕಳೊಂದಿಗೆ ತವರೂರು ತಾಂಬಾದಲ್ಲಿ ಬಸ್ಸಿಳಿದಾಗ, ತಮ್ಮನ ಹೆಂಡತಿ ಶೆಟ್ಟೆವ್ವ ಅದೇ ಬಸ್ಸು ಹತ್ತಿ ತನ್ನ ತವರು ಮಸೂತಿಗೆ ಹೋಗಲು ಮಗಳೊಂದಿಗೆ ನಿಂತಿದ್ದಳು. ಬಗಲಲ್ಲಿ ಬುತ್ತಿಗಂಟು.

"ಎಲ್ಲಿಗಿ ಹೊಂಟೀ, ಶೆಟ್ಟೆವ್ವಾ?"

"ಎಲ್ಲಿಗೂ ಇಲ್ರಿ ಅಕ್ಕಾರ. ನಡೀರಿ ಮನಿಗಿ," ಎಂದು ಶೆಟ್ಟೆವ್ವ ಅವಳ ಟ್ರಂಕು ಇಸಿದುಕೊಂಡಳು. ಮನೆಮಗಳು ಬಂದಮೇಲೆ ಸೊಸೆ ಹೊರಡುವಂತಿರಲಿಲ್ಲ.

ನೀನು ಹೋಗು, ನಾನೇ ಹೊಳ್ಳಿ ಹೋಗ್ತೇನಿ ಎನ್ನಬೇಕೆನಿಸಿತು ಕಾಶಿಬಾಯಿಗೆ. ಆದರೆ ಅವಳ ಕೈಯಲ್ಲಿ ಕಾಸಿರಲಿಲ್ಲ; ಮಕ್ಕಳಿಗೂ ಸೂಟಿಯೆಂದರೆ ಇದೊಂದೇ ಊರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು.

ಪಡಸಾಲೆಯಲ್ಲಿ ಶೆಟ್ಟೆವ್ವ ಗಂಟು ಬಿಚ್ಚಿ, ಕಾಶಿಬಾಯಿಯ ಮಕ್ಕಳಿಗೆ ಹೋಳಿಗೆ ಹಂಚಿದಳು.

"ಅವ್ವಾ, ಅವು ಮಸೂತಿ ಆಯಿಗಿ ಕಟ್ಟಿದ್ವು ಅಲ್ಲೇನು?" ಎಂದಳು ಮಗಳು.

ಶೆಟ್ಟೆವ್ವ ಅವಳ ಕೈಗೂ ಒಂದು ಹೋಳಿಗೆ ಇಟ್ಟಳು.