ಪ್ಯಾಕಪ್ ಆದ ಮೇಲೆ

‘ಟೇಕ್’ ಎಂದು ಹೇಳಿಯಾದ ಮೇಲೂ ಹೂವಯ್ಯ ತುತ್ತು ಎತ್ತಲಿಲ್ಲ. ಬಡಿಸುತ್ತಿದ್ದ ಹೆಂಗಸಿನ ಮೇಲೆ ಅವನಿಗೆ ಅನುಮಾನ ಬಂದಿತ್ತು.

‘ಮೇಡಂ, ಇವರನ್ನ ಎಲ್ಲಿಂದ ಕರ್ಸಿದ್ರಿ?’ ಎಂದು ಡೈರೆಕ್ಟರನ್ನು ಕೇಳಿದ. ‘ಸೀನಲ್ಲಿ ಅಳು ಇಲ್ಲ. ಗಂಡನಿಗೆ ಅನ್ನ ಬಡಿಸೋ ಹೆಂಡತಿ ಯಾಕೆ ಅಳ್ತಾಳೆ?’

ಹೆಂಡತಿಯ ಪಾತ್ರದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ತಪ್ಪಾಯ್ತು. ಇನ್ನೊಂದ್ಸಲ ಮಾಡ್ತೀನಿ.’

‘ಒನ್ ಮೋರ್, ಸಾರ್,’ ಎಂದಳು ಡೈರೆಕ್ಟರ್. ಮೂವತ್ತು ದಾಟಿದ ಹುಡುಗಿ. ಕ್ಯಾಮೆರಾ ಎಂದರೆ ಕಿಟಕಿಯ ಬಳಿ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲು. ಲೈಟಿನವರಿಲ್ಲ, ಮೇಕಪ್ಪಿನವರಿಲ್ಲ. ಈಗೆಲ್ಲ ಹೀಗೇ ತೆಗೆಯುತ್ತಾರಂತೆ. ಹೂವಯ್ಯ ಆಕ್ಷೇಪ ಮಾಡುವವನಲ್ಲ. ಈ ವಯಸ್ಸಿನಲ್ಲಿ ಕೆಲಸ ಸಿಕ್ಕಿದೆ, ಅಷ್ಟು ಸಾಕು.

ಈ ಸಲ ಉಂಡ. ಊಟದ ಸೀನಿನಲ್ಲಿ ಜಾಣ ನಟರು ಸುಮ್ಮನೆ ಬಾಯಿ ಆಡಿಸುತ್ತಾರೆ. ಹೂವಯ್ಯ ನಿಜವಾಗಿಯೂ ನುಂಗುತ್ತಿದ್ದ. ಡೈರೆಕ್ಟರ್ ‘ಒನ್ ಮೋರ್’ ಎಂದಾಗಲೆಲ್ಲ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಿತ್ತು. ಅವನು ಬೇಸರಿಸಲಿಲ್ಲ.

ಅದಾದ ಮೇಲೆ ಮಾತ್ರೆಯ ಸೀನು.

‘ಇವತ್ತೂ ಮಾತ್ರೆನಾ?’ ಹೂವಯ್ಯ ನಕ್ಕ. ‘ಈ ಪಾತ್ರ ಉಳಿಯೋ ಲಕ್ಷಣ ಕಾಣಲ್ಲ ಮೇಡಂ.’

ಡೈರೆಕ್ಟರ್ ನಗಲಿಲ್ಲ.

ಸಾಯುವುದು ಅವನಿಗೆ ಹೊಸದಲ್ಲ. ಇಪ್ಪತ್ತು ದಾಟುವ ಮೊದಲೇ ಸಾಗರದ ನಾಟಕ ತಂಡದಲ್ಲಿ ಮುದುಕನ ವೇಷ ಕಟ್ಟಿದ. ಚೆನ್ನಾಗಿ ಒಪ್ಪಿತು. ಆಮೇಲೆ ಯಾರೂ ಅವನನ್ನು ಯುವಕನಾಗಲು ಬಿಡಲಿಲ್ಲ. ತೀರ್ಥಹಳ್ಳಿ, ಹೊಸನಗರಗಳ ಸ್ಟೇಜುಗಳಿಂದ ಬೆಂಗಳೂರಿನ ಸೀರಿಯಲ್ಲುಗಳಿಗೆ ಹೋದ. ಅಲ್ಲೂ ಅಪ್ಪ, ಮಾವ, ರಿಟೈರ್ಡ್ ಮೇಷ್ಟ್ರು. ಕಥೆ ನಿಂತು ಹೋಗುವಂತಾದರೆ ಹೂವಯ್ಯನಿಗೆ ಹಾರ್ಟ್ ಅಟ್ಯಾಕ್ ಮಾಡಿಸುತ್ತಿದ್ದರು. ಬಸ್ಸಿನಲ್ಲಿ ಜನ ಗುರುತು ಹಿಡಿಯುತ್ತಿದ್ದರು, ಹೆಸರು ಯಾರಿಗೂ ಬಾರದು. ‘ಓ, ಆ ಸೀರಿಯಲ್ ಅಪ್ಪ ಅಲ್ವಾ?’

ಶಾಟ್‌ಗಳ ನಡುವೆ ಮೂವರೂ ಜಗಲಿಯಲ್ಲಿ ಕೂತರು. ಹೆಂಡತಿಯ ಪಾತ್ರದವಳು ಕಾಫಿ ತಂದಳು. ಸಕ್ಕರೆ ಇಲ್ಲದ್ದು. ಒಳ್ಳೆಯ ಕಂಪನಿ, ಕಲಾವಿದರ ಆರೋಗ್ಯ ನೋಡಿಕೊಳ್ಳುತ್ತಾರೆ ಎಂದುಕೊಂಡ.

‘ಅಳು ಹೇಗೆ ಬರ್ಬೇಕು ಗೊತ್ತಾ ತಾಯಿ?’ ಎಂದು ಅವಳಿಗೆ ಪಾಠ ಹೇಳಲು ಕೂತ. ‘ಒಂದ್ಸಲ ಬೆಂಗಳೂರಲ್ಲಿ ಧಾರೆ ಸೀನು. ಸೀರಿಯಲ್ ಮಗಳಿಗೆ ಧಾರೆ ಎರೀಬೇಕು. ಅದೇ ಮುಹೂರ್ತಕ್ಕೆ ಸಾಗರದಲ್ಲಿ ನನ್ನ ಸ್ವಂತ ಮಗಳ ಧಾರೆ. ರಜೆ ಕೇಳ್ದೆ, ಸಿಗ್ಲಿಲ್ಲ. ನಾಳೆಗೇ ಎಪಿಸೋಡ್ ಹೋಗ್ಬೇಕು ಅಂದ್ರು. ಗ್ಲಿಸರಿನ್ ತಂದವನನ್ನ ವಾಪಸ್ ಕಳಿಸ್ದೆ. ನೀರು ಬಿಡ್ತಾ ಬಿಡ್ತಾ ನನ್ನ ಮಗಳ ಹೆಸರೇ ಬಾಯಿಗೆ ಬಂತು. ಆಮೇಲೆ ಡಬ್ಬಿಂಗಲ್ಲಿ ತೆಗೆದ್ರು. ಸೆಟ್ಟಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದ್ರು.’

ಡೈರೆಕ್ಟರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ‘ಇದನ್ನ ನಿಮ್ಮ ಮಗಳಿಗೆ ಹೇಳಿದ್ರಾ?’

‘ಎಂತ ಹೇಳೋದು? ಅಪ್ಪ ಬರ್ಲಿಲ್ಲ ಅಂತ ಎಷ್ಟೋ ವರ್ಷ ಮಾತೇ ಆಡ್ಲಿಲ್ಲ. ಆ ಎಪಿಸೋಡೂ ನೋಡಿರ್ಲಿಕ್ಕಿಲ್ಲ.’

ಡೈರೆಕ್ಟರ್ ಎದ್ದು ಒಳಗೆ ಹೋದಳು. ಮೊಬೈಲಿನ ಸ್ಟ್ಯಾಂಡನ್ನು ಬಹಳ ಹೊತ್ತು ಸರಿಮಾಡುತ್ತ ನಿಂತಳು.

ಹೆಂಡತಿಯ ಪಾತ್ರದವಳು ಮೆಲ್ಲಗೆ ಕೇಳಿದಳು. ‘ನಿಮ್ಮ ಮನೆಯವರು ಹೇಗಿದಾರೆ? ನನ್ನ ಹಾಗೇನಾದ್ರೂ ಇದಾರಾ?’

ಪಾತ್ರ ಚೆನ್ನಾಗಿ ಬರಲಿ ಎಂದು ಕೇಳುತ್ತಿದ್ದಾಳೆ, ಪಾಪ. ಹೂವಯ್ಯ ಅವಳ ನೆರೆತ ತಲೆಯನ್ನೂ ಮುಖವನ್ನೂ ಸಾವಕಾಶ ನೋಡಿದ.

‘ಇಲ್ಲಮ್ಮ. ವರದಳ ತಲೆಯಲ್ಲಿ ಒಂದೇ ಒಂದು ಬಿಳಿ ಕೂದಲಿಲ್ಲ. ನಾನು ಎಷ್ಟು ಹೊತ್ತಿಗೆ ಹೋದ್ರೂ ಊಟ ಮಾಡದೆ ಕೂತಿರ್ತಾಳೆ. ಟೀವಿಯಲ್ಲಿ ನನ್ನ ಪಕ್ಕ ಯಾರ್ಯಾರೋ ಹೆಂಡತಿ ಆಗಿ ಕೂತಿದ್ದನ್ನ ನೋಡ್ತಾ ಕಾಲ ಕಳೆದ್ಲು. ಒಂದು ದಿನ ಒಂದು ಮಾತು ಆಡಿದವಳಲ್ಲ.’ ಲೋಟ ಕೆಳಗಿಟ್ಟ. ‘ನೀವೂ ಚೆನ್ನಾಗಿ ಮಾಡ್ತೀರಿ. ಆದ್ರೆ ಅವಳ ಹಾಗೆ ಬರಲ್ಲ.’

‘ಹೌದು,’ ಎಂದಳು ಅವಳು. ‘ಕಷ್ಟ ಇದೆ.’

ಇಳಿಬಿಸಿಲಿನ ಹೊತ್ತಿಗೆ ಹೂವಯ್ಯನಿಗೆ ಚಡಪಡಿಕೆ ಶುರುವಾಯಿತು. ಜಗಲಿಗೂ ಗೇಟಿಗೂ ಓಡಾಡಿದ. ಗೇಟಿಗೆ ಬೀಗ ಹಾಕಿತ್ತು. ಶೂಟಿಂಗ್ ನೋಡಲು ಜನ ನುಗ್ಗುತ್ತಾರೆ, ಹಾಕಬೇಕಾದದ್ದೇ.

‘ಮೇಡಂ, ನನ್ನ ಬಿಟ್ಬಿಡಿ. ಈ ತೀರ್ಥಹಳ್ಳಿ ಔಟ್‌ಡೋರ್ ಮುಗಿಯೋದೇ ಇಲ್ಲ. ಇವತ್ತಾದ್ರೂ ನಾನು ಸಾಗರಕ್ಕೆ ಹೋಗ್ಬೇಕು. ವರದ ಕಾಯ್ತಾ ಇರ್ತಾಳೆ.’ ಗೇಟಿನ ಬೀಗ ಹಿಡಿದು ಎಳೆದ. ‘ಯಾವಾಗ್ಲೂ ತಡ ಮಾಡ್ದೆ ಮೇಡಂ ನಾನು. ಯಾವಾಗ್ಲೂ.’

ಡೈರೆಕ್ಟರ್ ಹೆಂಡತಿಯ ಪಾತ್ರದವಳ ಮುಖ ನೋಡಿದಳು. ಅವಳು ತಲೆಯಾಡಿಸಿ ಒಳಗೆ ಹೋದಳು.

‘ಪ್ಯಾಕಪ್,’ ಎಂದಳು ಡೈರೆಕ್ಟರ್. ‘ಬನ್ನಿ ಸಾರ್, ನಾನೇ ಬಿಡ್ತೀನಿ.’

ಕಾರು ಹತ್ತಿದ ಕೂಡಲೇ ಅವನಿಗೆ ಸಮಾಧಾನವಾಯಿತು. ‘ಹೊಸನಗರ ಬಂದಾಗ ಎಬ್ಬಿಸಿ. ಅಲ್ಲೊಂದು ಟೀ ಕುಡಿಯಾಣ,’ ಎಂದು ಸೀಟಿಗೆ ಒರಗಿದ. ಊರು ದಾಟುವ ಮೊದಲೇ ನಿದ್ದೆ ಹತ್ತಿತು. ಡೈರೆಕ್ಟರ್ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಅವನು ನೋಡಲಿಲ್ಲ.

ಸಾಗರದ ಗಣಪತಿ ಕೆರೆಗೊಂದು ಸುತ್ತು ಹಾಕಿ, ಹೊರಟಿದ್ದ ಗೇಟಿನ ಮುಂದೆಯೇ ಕಾರು ನಿಲ್ಲಿಸಿ, ‘ಅಪ್ಪಯ್ಯ, ಏಳಿ, ಮನೆ ಬಂತು,’ ಎಂದಳು ಭವ್ಯಶ್ರೀ. ಬೇರೆ ಸೀರೆ ಉಟ್ಟು ಬಾಗಿಲಲ್ಲಿ ಕಾದು ನಿಂತಿದ್ದ ವರದಮ್ಮನಿಗೆ ಹೂವಯ್ಯ ಕೈಮುಗಿದು ಕೇಳಿದ, ‘ನಮ್ಮ ಮನೆಯವಳು ಒಳಗಿದಾಳಾ, ತಾಯಿ?’