ಮೂರನೇ ಸಾಲಿನ ನಗು

ಗೂಢಚಾರನೊಬ್ಬನ ಕುರಿತ ಹಳೆಯ ಟೀವಿ ಹಾಸ್ಯ ಧಾರಾವಾಹಿ ಈಗ ಸಿನಿಮಾ ಆಗುತ್ತಿದೆ. ಅಂದು ಸ್ಟುಡಿಯೋದಲ್ಲಿ ಕೂತು ನಕ್ಕ ಪ್ರೇಕ್ಷಕರೆಲ್ಲ ತೀರಿಕೊಂಡಿದ್ದಾರೆ. ಆದರೂ ಹೊಸ ಜೋಕುಗಳನ್ನು ಮೊದಲು ಅವರ ನಗು ತುಂಬಿಟ್ಟ ಟೇಪಿಗೇ ಕೇಳಿಸುವುದು ನಮ್ಮ ಧ್ವನಿ ವಿಭಾಗದ ಪದ್ಧತಿ. ಅವರು ನಕ್ಕರಷ್ಟೇ ಜೋಕು ಉಳಿಯುತ್ತದೆ. ಮೂರನೇ ಸಾಲಿನಲ್ಲಿ ನಕ್ಕು ನಕ್ಕು ಬಿಕ್ಕಳಿಸುವವಳು ನನ್ನಮ್ಮ.

ಇವತ್ತು ಪರದೆಯ ಮೇಲೆ ಗೂಢಚಾರ ಸೌಟನ್ನು ಕಿವಿಗಿಟ್ಟು "ಹಲೋ" ಎಂದಾಗ ಅವಳೇ ಮೊದಲು ನಕ್ಕಳು.

"ಇದೇ ಕೊನೇ ಜೋಕು. ಟೇಪ್ ಅಳಿಸಿಬಿಡಿ ಮೇಡಂ," ಎಂದರು ನಿರ್ದೇಶಕ ಶ್ರೀಪಾದ್. "ಪಾಪ, ನಲವತ್ತು ವರ್ಷದಿಂದ ಕೂತಿದ್ದಾರೆ. ಎದ್ದು ಹೋಗ್ಲಿ."

"ಇನ್ನೊಂದೇ ಸಲ ಕೇಳಿಸ್ತೀನಿ ಸರ್," ಎಂದು ಗೋಗರೆದು ಅದೇ ದೃಶ್ಯ ಹಾಕಿದೆ.

ಟೇಪಿನಲ್ಲಿ ಎಲ್ಲರೂ ನಕ್ಕರು. ಅಮ್ಮನ ಬಿಕ್ಕಳಿಕೆ ಬರಲಿಲ್ಲ. ಮೂರನೇ ಸಾಲಿನಲ್ಲಿ ಯಾರೋ ಎದ್ದು ಕುರ್ಚಿ ಮಡಚಿಟ್ಟ ಸದ್ದಷ್ಟೇ ಕೇಳಿಸಿತು.